ಪಂಕ್ತಿಯಲ್ಲಿ ಕೊನೆಗೆ ಏಳುವ ಮಾವ

ನಮ್ಮ ಸೋದರಮಾವನಂಥ ಹೊಟ್ಟೆಬಾಕ ಶಿಡ್ಲಘಟ್ಟದಲ್ಲೇ ಇನ್ನೊಬ್ಬನಿರಲಿಲ್ಲ ಎಂದು ನಾನು ಎಷ್ಟೋ ದಿನ ಆಣೆಯಿಟ್ಟು ಹೇಳುತ್ತಿದ್ದೆ! ಅರವತ್ತರ ದಶಕದ ಮಾತು. ಮದುವೆಮನೆಯಲ್ಲಿ ಪಂಕ್ತಿಯವರೆಲ್ಲ ಎದ್ದು ಎಲೆಅಡಿಕೆ ಹಾಕಿಕೊಂಡರೂ ಮಾವ ಎಲೆಯ ಮುಂದೆ ಕೂತೇ ಇರುತ್ತಿದ್ದ. "ಇನ್ನೊಂದು ಸೌಟು ಸಾರು ಹಾಕಪ್ಪ!" ಎಲೆಯಲ್ಲಿ ಅನ್ನವೇ ಇಲ್ಲ, ಸಾರು ಯಾತಕ್ಕೆ?

ಎಲೆ ಎತ್ತುವ ಮುದುಕಿ ಸೊಂಟಕ್ಕೆ ಕೈಯಿಟ್ಟು ಕೇಳಿದಳು, "ಎಲೇನೂ ತಿಂದೇ ಏಳ್ತೀಯೇನಪ್ಪಾ?"

"ಉಪ್ಪು ಹಾಕು, ತಿಂತೀನಿ!"

ಬಸ್ಸಿಗೂ ಅಷ್ಟೇ. ಎಲ್ಲರೂ ಹತ್ತಿದ ಮೇಲೆ ಕಂಬಿ ಹಿಡಿದು ಜಗ್ಗಿಕೊಂಡು ಹತ್ತುತ್ತಿದ್ದ. "ನೀವು ಹತ್ತೋಷ್ಟ್ರಲ್ಲಿ ನಾನು ಚಿಂತಾಮಣಿಗೆ ನಡ್ಕೊಂಡೇ ಹೋಗ್ತಿದ್ದೆ" ಎಂದು ಕಂಡಕ್ಟರ್ ರೇಗಿದರೆ, "ಹೋಗಿ, ನಂಗೊಂದು ಸೀಟು ಹಿಡಿದಿಡಿ" ಎನ್ನುತ್ತಿದ್ದ.

ನೋಡಲು ಮಾತ್ರ ಪೈಲ್ವಾನ! ಗರಡಿಮನೆಯ ಹೊಸಿಲು ತುಳಿಯದವನಿಗೆ ಅಷ್ಟು ದಪ್ಪ ಮೀನಖಂಡ ಎಲ್ಲಿಂದ ಬಂತೋ! ನನ್ನ ಆರು ವರ್ಷದ ತಮ್ಮನಿಗೂ ಅಂಥದೇ ಕಾಲು. "ಮಾವನ ಕಾಲೇ ಬಂದಿದೆ" ಎಂದು ಅಮ್ಮನಿಗೆ ಹೆಮ್ಮೆಯೋ ಹೆಮ್ಮೆ.

ಒಮ್ಮೆ ಮಾವ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಕುಸಿದು ಬಿದ್ದ. ಬೆಂಗಳೂರಿನ ಡಾಕ್ಟರು ಮೀನಖಂಡದಿಂದ ಚೂರು ಮಾಂಸ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರಂತೆ. ಕಾಲಿಗೆ ಬಟ್ಟೆ ಸುತ್ತಿಕೊಂಡು ಬಂದವನು ಅಮ್ಮನೆದುರು ನಕ್ಕ: "ಬರೀ ಕೊಬ್ಬಂತೆ ಕಣಕ್ಕಾ! ಗೂಡು ದಪ್ಪ, ಬಿಚ್ಚಿದ್ರೆ ಎಳೆಯೆಲ್ಲ ತುಂಡು!"

ಜಗಲಿಯಲ್ಲಿ ಅಪ್ಪನ ಹತ್ತಿರ ಮಾತ್ರ ನಗಲಿಲ್ಲ. "ಈ ಕಾಯಿಲೆ ತಾಯಿ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತಂತೆ ಭಾವ. ಹೊರಗೆ ಗೊತ್ತಾಗೋಕೆ ಮೊದ್ಲೇ ಒಳಗೆ ಮಾಂಸದ ಎಳೆ ಸಾಯೋಕೆ ಶುರುವಾಗಿರುತ್ತಂತೆ. ಅಕ್ಕಂಗೆ ಈಗ್ಲೇ ಹೇಳ್ಬೇಡಿ." ಬಾಗಿಲ ಹಿಂದಿದ್ದ ನನಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ.

ಮರುದಿನ ಮಾವ ನನ್ನನ್ನೂ ತಮ್ಮನನ್ನೂ ನಡುಮನೆಯಲ್ಲಿ ನೆಲದ ಮೇಲೆ ಕೂರಿಸಿದ. "ಕೈ ಊರದೆ ಎದ್ದವ್ರಿಗೆ ಬೆಲ್ಲ!" ಇದೊಂದು ಹೊಸ ಹುಚ್ಚು ಎಂದುಕೊಂಡು ನಾನು ಚಂಗನೆ ಎದ್ದೆ. ತಮ್ಮ ನೆಲಕ್ಕೆ ಕೈ ಊರಿದ, ಆಮೇಲೆ ಮಂಡಿಗೆ, ಆಮೇಲೆ ತೊಡೆಗೆ. ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತಿದಂತೆ ಎದ್ದು ನಿಂತ. ಖಾಲಿಯಾದ ಪಂಕ್ತಿಯಲ್ಲಿ ಮಾವ ಹೀಗೆಯೇ ಏಳುವುದನ್ನು ಒಮ್ಮೆ ಕಂಬದ ಮರೆಯಿಂದ ನೋಡಿದ್ದೆ. ಆ ಸಾರು ಹಸಿವಿಗಲ್ಲ ಎಂದು ಆಗ ಹೊಳೆಯಿತು. ಅವನನ್ನು ಹೊಟ್ಟೆಬಾಕ ಎಂದದ್ದಕ್ಕೆ ನಾಚಿಕೆಯಾಯಿತು.

"ನಂಗೆ ಬೆಲ್ಲ ಇಲ್ವಾ ಮಾವ?" ಎಂದ ತಮ್ಮ.

ಮಾವ ಇಡೀ ಅಚ್ಚು ಬೆಲ್ಲವನ್ನು ಅವನ ಕೈಗಿಟ್ಟು ತಬ್ಬಿಕೊಂಡ. "ಇನ್ಮೇಲೆ ಊಟಕ್ಕೆ ನನ್ನ ಪಕ್ಕಾನೇ ಕೂತ್ಕೊಳ್ಳಪ್ಪ. ಇಬ್ರೂ ಇನ್ನೊಂದು ಸೌಟು ಸಾರು ಹಾಕಿಸ್ಕೊಳ್ಳಣ. ಎಲ್ರೂ ಹೋದ್ಮೇಲೆ ನಿಧಾನಕ್ಕೆ ಏಳಣ."