ಕೋಳಿಮರಿ ಷೆಡ್ಡಿಗೆ ಹೊರಟ ಹೂಳಪ್ಪ

"ಹಿಂದಕ್ಕ ಸರೀರಿ! ಎಲ್ಲಾರೂ ಹಿಂದಕ್ಕ ಸರೀರಿ! ಇದು ನೇಗಿಲ ಅಲ್ಲ, ಕೂರಿಗಿ ಅಲ್ಲ. ಇದು ಹೂಳಪ್ಪ!"

ಫಕ್ಕೀರೇಶ ಎರಡೂ ಕೈ ಚಾಚಿ ಗುಂಪನ್ನು ತಡೆದ. ಗುಂಪು ಎಂದರೆ ಮೂರೇ ಜನ: ಅವನ ಹೆಂಡತಿ ಕಸ್ತೂರಿ, ತಾಯಿ ದ್ಯಾಮವ್ವ, ಮತ್ತು ಟ್ರ್ಯಾಕ್ಟರ್ ಕೊಡುತ್ತೇನೆಂದು ಒಪ್ಪಿದ ತಪ್ಪಿಗೆ ಅದರ ಸೀಟಿನ ಮೇಲೆ ಕುಳಿತಿದ್ದ ಪಕ್ಕದ ಹೊಲದ ಮಾಬುಸಾಬ.

ಟ್ರ್ಯಾಕ್ಟರಿನ ಹಿಂದೆ ಹೂಳಪ್ಪ ತೂಗುತ್ತಿತ್ತು. ಹಳೆಯ ಕೂರಿಗೆಯ ಕಬ್ಬಿಣದ ಗಾಲಿ, ಆಳಕ್ಕಿಳಿಯುವ ಕತ್ತಿಯಂಥ ಕುಳ, ಕುಳದ ಬೆನ್ನಿಗೆ ವಾಯರ್ ಇಳಿಯುವ ಕೊಳವೆ, ಪಕ್ಕಕ್ಕೆ ಏಡಿಯ ಕಾಲಿನಂಥ ಎರಡು ಕೈ. ಎಲ್ಲದರ ಮೇಲೆ ಒಂದು ಅವಲಕ್ಕಿ ಡಬ್ಬಿ. ಡಬ್ಬಿಯೊಳಗೆ ಮಿದುಳು, ಡಬ್ಬಿಯ ಮುಂದೆ ಒಂದೇ ಒಂದು ಗಾಜಿನ ಕಣ್ಣು.

"ಹತ್ತು ಸಾವಿರ ಫೋಟೋ ತೋರಿಸಿ ಕಲಿಸೀನಿ!" ಎಂದ ಫಕ್ಕೀರೇಶ. "ಕೆಂಪಂದು, ಉದ್ದಂದು ಕಂಡರ ಸಾಕು, ಅದು ವಾಯರ್ ಅಂತ ತಿಳೀತೈತಿ. ತಾನ ಹಿಡೀತೈತಿ, ತಾನ ಎರಡು ಅಡಿ ಆಳಕ್ಕ ಹೂಳತೈತಿ. ದಾರಿನೂ ಹೇಳಿಟ್ಟೀನಿ. ಇಲ್ಲಿಂದ ಸೀದಾ ಕೋಳಿಮರಿ ಷೆಡ್ಡಿನ ನಟ್ಟನಡುವಿಗೆ!"

ಕಸ್ತೂರಿಯ ಕಣ್ಣು ಮಾತ್ರ ಪಡುವಣದ ಕಡೆಗಿತ್ತು. ಹೊತ್ತು ಇಳಿಯುತ್ತಿತ್ತು. ನಾಳೆ ಬರಬೇಕಿದ್ದ ನಾನೂರು ಕೋಳಿಮರಿಗಳು ಇವತ್ತೇ ಬೆಳಗ್ಗೆ ಬಂದು ಇಳಿದಿದ್ದವು. ಹುಟ್ಟಿ ಒಂದೇ ದಿನವಾದ ಮರಿಗಳು, ಮುಷ್ಟಿಯೊಳಗೆ ಮುಚ್ಚಿ ಹೋಗುವಷ್ಟು. ಮನೆಯಿಂದ ಇನ್ನೂರು ಅಡಿ ದೂರದ ಷೆಡ್ಡಿನಲ್ಲಿ ಕರೆಂಟಿಲ್ಲ. ಮೇಲಿನಿಂದ ಎಳೆದ ವಾಯರನ್ನು ಹತ್ತಿ ಹೇರಿದ ಟ್ರೇಲರುಗಳು ಎರಡು ಸಲ ಹರಿದು ಹಾಕಿದ್ದವು. ಮಾಗಿಯ ಗಾಳಿ ಆಗಲೇ ಬೀಸತೊಡಗಿತ್ತು. ಬಲ್ಬಿನ ಕಾವಿಲ್ಲದಿದ್ದರೆ ಮರಿಗಳು ಮೂಲೆಯಲ್ಲಿ ಒಂದರ ಮೇಲೊಂದು ಏರಿ, ಕೆಳಗಿನವು ಉಸಿರು ಕಟ್ಟಿ ಸಾಯುತ್ತವೆ. "ಇಷ್ಟು ಮರಿ ಒಬ್ಬಾಕಿ ಕೈಲೆ ಆಗೂದಲ್ಲ" ಎಂದು ಊರಿನ ಮಹಿಳಾ ಸಂಘದವರು ಅಂದಾಗ "ಆಗತೈತಿ" ಎಂದವಳು ಕಸ್ತೂರಿಯೇ.

"ರೀ, ಈಗ ವಾಯರ್ ನೆಲದ ಮ್ಯಾಲ ಹಾಸಿ ಬಲ್ಬು ಹಚ್ಚೂಣು. ಹೂಳೂದು ನಾಳೆ."

"ಐದು ನಿಮಿಷ, ಕಸ್ತೂರಿ!"

ಹಿಂದೊಮ್ಮೆ ಫಕ್ಕೀರೇಶನ ಐದು ನಿಮಿಷದಲ್ಲಿ ದೀಪಾವಳಿ ಕಳೆದು ಯುಗಾದಿ ಬಂದಿತ್ತು.

"ಪೂಜಿ ಆಗದ ಗಾಲಿ ಉರುಳಬಾರದು" ಎಂದು ದ್ಯಾಮವ್ವ ತಾಟು ಹಿಡಿದು ಮುಂದೆ ಬಂದಳು. ಹೊಸ ಗಾಡಿ, ಹೊಸ ಪಂಪು, ಹೊಸ ಮಿಕ್ಸರ್, ಯಾವುದೂ ಆಕೆಯ ಕುಂಕುಮ ತಪ್ಪಿಸಿಕೊಂಡದ್ದಿಲ್ಲ. "ಇದರ ಹಣಿ ಎಲ್ಲೈತೋ?"

"ಹಣಿ ಇಲ್ಲಬೇ, ಡಬ್ಬಿ ಐತಿ. ಲಗೂ ಮುಗಸು!"

ದ್ಯಾಮವ್ವ ಹೆಬ್ಬೆರಳು ಒದ್ದೆ ಮಾಡಿಕೊಂಡು, ಮುಖದಂತೆ ಕಂಡ ಜಾಗಕ್ಕೆ ಧಾರಾಳವಾಗಿ ಬಳಿದಳು. ಕಾಯಿ ಒಡೆಯಿತು. ಟ್ರ್ಯಾಕ್ಟರ್ ಗುಡುಗಿತು.

ಮೊದಲ ಮೂವತ್ತು ಅಡಿ, ಸುಳ್ಳು ಹೇಳಬಾರದು, ಬೆಣ್ಣೆಯಲ್ಲಿ ಕೂದಲು ಎಳೆದ ಹಾಗಿತ್ತು. ಕುಳ ಎರೆಮಣ್ಣನ್ನು ಸೀಳಿತು, ಕೆಂಪು ವಾಯರ್ ಒಳಗಿಳಿಯಿತು, ಮಣ್ಣು ತಾನೇ ಮುಚ್ಚಿಕೊಂಡಿತು. "ನೋಡಿದ್ಯೇನು!" ಎಂದು ಫಕ್ಕೀರೇಶ ಕುಣಿದ.

ಆಗ ಹೂಳಪ್ಪನ ಬಲಗೈ ಪಕ್ಕಕ್ಕೆ ಚಾಚಿ, ಬಟ್ಟೆ ಒಣಹಾಕುವ ಹಗ್ಗ ಹಿಡಿಯಿತು.

"ಅಯ್ಯ, ನನ್ನ ಇಳಕಲ್ ಸೀರಿ!" ದ್ಯಾಮವ್ವ ಚೀರಿದಳು. ಸೀರೆ, ಎರಡು ಲುಂಗಿ, ಒಂದು ಬನಿಯನ್, ಸಾಲಾಗಿ ಕೊಳವೆಯೊಳಗೆ ಇಳಿದು ಭೂಗತವಾದವು. ಹಿಂದೆಯೇ ಎಮ್ಮೆಯ ಹಗ್ಗ. ಪುಣ್ಯಕ್ಕೆ ಎಮ್ಮೆಯನ್ನು ಅದಕ್ಕೆ ಕಟ್ಟಿರಲಿಲ್ಲ.

"ಬಂದ್ ಮಾಡ್ರಿ ಮಾಬಣ್ಣ!" ಎಂದು ಕಸ್ತೂರಿ ಕೂಗಿದಳು. ಮಾಬುಸಾಬ ಚಾವಿ ತಿರುಗಿಸಿದ. ಟ್ರ್ಯಾಕ್ಟರ್ ನಿಂತಿತು. ಹೂಳಪ್ಪ ತನ್ನ ಏಡಿಗೈಯಿಂದ ಕೊಂಡಿಯ ಪಿನ್ನು ಕಿತ್ತು, ನೆಲಕ್ಕೆ ಇಳಿದು, ತಾನೇ ತೆವಳಿಕೊಂಡು ಹೊರಟಿತು.

"ಯಾ ಅಲ್ಲಾ! ಫಕ್ಕೀರಣ್ಣ, ಇದು ನನ್ನ ಟ್ರ್ಯಾಕ್ಟರ್ ಬಿಟ್ಟು ಹೊಂಟೈತಲ್ಲೋ!"

"ಟ್ರ್ಯಾಕ್ಟರ್ ನಿಂತರೂ ಕೆಲಸ ನಿಲ್ಲಬಾರದು ಅಂತ ಸ್ವಂತ ಬ್ಯಾಟರಿ, ಸ್ವಂತ ಮೋಟರ್ ಇಟ್ಟೀನಿ!" ಎಂದು ಫಕ್ಕೀರೇಶ ಎದೆಯುಬ್ಬಿಸಿದ. ಆಮೇಲೆ, ಇದು ಎದೆಯುಬ್ಬಿಸುವ ಹೊತ್ತಲ್ಲವೆಂದು ನೆನಪಾಗಿ ಇಳಿಸಿದ.

"ನಿಲ್ಲಿಸೂದು ಹೆಂಗ್ರೀ?"

"ಮೊಬೈಲಿನಾಗ ಒಂದು ಗುಂಡಿ ಒತ್ತಿದರ ಮುಗೀತು. ಮೊಬೈಲು ಜಗಲಿ ಮ್ಯಾಲ ಚಾರ್ಜಿಗೆ..."

ಅಷ್ಟರಲ್ಲೇ ಹೂಳಪ್ಪ ಜಗಲಿ ಮುಟ್ಟಿ, ಚಾರ್ಜರಿನ ವಾಯರ್ ಹಿಡಿದಿತ್ತು. ವಾಯರಿನ ತುದಿಗೆ ಜೋತ ಮೊಬೈಲು ಒಂದು ಸಲ ಮಿನುಗಿ ಕೊಳವೆಯೊಳಗೆ ಮಾಯವಾಯಿತು. ಸ್ವಲ್ಪ ಹೊತ್ತಿಗೆ ನೆಲದೊಳಗಿಂದ ರಿಂಗಣಿಸತೊಡಗಿತು.

"ಯಾರೋ ನಿನಗ ಫೋನ್ ಮಾಡ್ಯಾರ" ಎಂದಳು ದ್ಯಾಮವ್ವ.

ಫಕ್ಕೀರೇಶನೂ ಮಾಬುಸಾಬನೂ ಗುದ್ದಲಿ ಹಿಡಿದು ಶಬ್ದ ಬಂದಲ್ಲಿ ಅಗೆದರು. ಮೊದಲು ಬನಿಯನ್ ಸಿಕ್ಕಿತು. ಅಷ್ಟರಲ್ಲಿ ಹೂಳಪ್ಪ ಅಂಗಳಕ್ಕೆ ಮೂರು ಸುತ್ತು ಹಾಕಿ, ಉಳಿದ ವಾಯರನ್ನೆಲ್ಲ ಜಿಲೇಬಿಯಂತೆ ಸುತ್ತಿ ಹೂತು, ಮೇಲೆ ಹಾದುಹೋಗುವಾಗ ತನ್ನದೇ ಕುಳದಿಂದ ತುಂಡು ತುಂಡು ಮಾಡಿತ್ತು. ಇನ್ನು ಬಲ್ಬಿನ ಮಾತೇ ಇರಲಿಲ್ಲ. ಹೊತ್ತು ಜಾಲಿಮರದ ತಲೆ ಮುಟ್ಟಿತ್ತು.

ಹೂಳಪ್ಪ ತಿರುಗಿತು. ಹೇಳಿಟ್ಟ ದಾರಿಯನ್ನು ಅದು ಮರೆತಿರಲಿಲ್ಲ. ಸೀದಾ ಷೆಡ್ಡಿನ ಕಡೆಗೆ.

ಕಸ್ತೂರಿ ನೆರಿಗೆ ಎತ್ತಿ ಕಟ್ಟಿ ಅಡ್ಡದಾರಿಯಲ್ಲಿ ಓಡಿದಳು. ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ಅರ್ಧ ಮರಿಗಳು ಚಳಿಗೆ ಮೂಲೆಯಲ್ಲಿ ಗುಂಪುಗಟ್ಟಿದ್ದವು. ಉಳಿದರ್ಧ ನೀರಿನ ದೋಣಿಯ ಪಕ್ಕ ಒತ್ತೊತ್ತಾಗಿ ಒಂದೇ ಸಾಲಿನಲ್ಲಿ ನಿಂತಿದ್ದವು. ಉದ್ದನೆಯ, ತೆಳ್ಳನೆಯ ಸಾಲು!

"ಕೆಂಪು ಇದ್ದರ ಅಷ್ಟ ಹಿಡೀತೈತಿ ಅಂದ್ರೆಲ್ಲ! ಎಮ್ಮಿ ಹಗ್ಗ ಯಾವಾಗ ಕೆಂಪಾತ್ರಿ?" ಎಂದು ಹಿಂದೆ ಓಡಿಬರುತ್ತಿದ್ದ ಗಂಡನಿಗೆ ಕೂಗಿದಳು.

"ಅದ ನನಗೂ ತಿಳೀವಲ್ದು! ಅದಕ್ಕ ಎಲ್ಲಾ ಕೆಂಪಗ ಕಾಣಾಕತ್ತೈತಿ!"

ಹೂಳಪ್ಪ ಹತ್ತು ಅಡಿ ದೂರಕ್ಕೆ ಬಂದು ಅವಳ ಕಡೆಗೆ ಕಣ್ಣು ಎತ್ತಿತು. ಇಳಿಬಿಸಿಲು ನೇರ ಅದರ ಮುಖಕ್ಕೆ ಬಿತ್ತು. ಗಾಜಿನ ಮೇಲೆ, ಈ ಅಂಚಿನಿಂದ ಆ ಅಂಚಿಗೆ, ದ್ಯಾಮವ್ವನ ಹೆಬ್ಬೆರಳಿನ ಗುರುತಿನ ಸಮೇತ, ಕುಂಕುಮ!

"ಅತ್ತೀ! ಇದರ ಕಣ್ಣಿಗೇ ಬಡದೀರಲ್ಲ!"

"ಮತ್ತೆಲ್ಲಿ ಬಡೀಲೇ? ಮುಸುಡಿಯಾಗ ಇದ್ದದ್ದ ಅದೊಂದು!" ಎಂದಳು ಹಿಂದೆ ಏದುತ್ತ ಬಂದ ದ್ಯಾಮವ್ವ.

ಕಸ್ತೂರಿ ಸೆರಗು ಸುತ್ತಿದ ಕೈ ಚಾಚಿ ಮುಂದೆ ನುಗ್ಗಿದಳು. ಅದೇ ಗಳಿಗೆಗೆ ಏಡಿಗೈ ಅವಳ ಜಡೆ ಹಿಡಿಯಿತು.

"ಬಿಡೋ! ಬಿಡೋ ಹೂಳಪ್ಪ!" ಫಕ್ಕೀರೇಶ ಯಂತ್ರದ ಗಾಲಿಗೆ ಜೋತುಬಿದ್ದ. ಮಾಬುಸಾಬ ಫಕ್ಕೀರೇಶನ ಕಾಲು ಹಿಡಿದ. ಜಡೆಯ ತುದಿ ಕೊಳವೆಯ ಬಾಯಿ ಮುಟ್ಟಿತು. ಕಸ್ತೂರಿ ಕುತ್ತಿಗೆ ಓರೆ ಮಾಡಿಕೊಂಡೇ ಗಾಜನ್ನು ಒರೆಸಿದಳು. ಕುಂಕುಮ ಇನ್ನಷ್ಟು ಹರಡಿತು. ಉಗುಳಿ ಒರೆಸಿದಳು. ಕೆಳಗಿನ ಮೋಟರಿಗೆ ಮೊಣಕೈ ತಾಗಿ ಚುರ್ ಎಂದಿತು. ಆದರೂ ಬಿಡಲಿಲ್ಲ, ಹಾಲಿನ ಪಾತ್ರೆಯ ತಳ ತಿಕ್ಕಿದಂತೆ ತಿಕ್ಕಿದಳು.

ಗಾಜು ತಿಳಿಯಾಯಿತು. ಏಡಿಗೈ ಸಡಿಲಿತು. ಕಪ್ಪು ಜಡೆ ಕೆಳಗೆ ಬಿತ್ತು.

ಹೂಳಪ್ಪ ಸುತ್ತ ನೋಡಿತು. ಹಳದಿ ಮರಿ, ಬಿಳಿ ದೋಣಿ, ಹಸಿರು ಸೀರೆಯ ಕಸ್ತೂರಿ. ಯಾವುದೂ ವಾಯರಲ್ಲ. ಎಲ್ಲರೂ ಉಸಿರು ಬಿಟ್ಟರು. ಆಗ ಅದು ನಿಧಾನಕ್ಕೆ ಬಾಗಿ ತನ್ನ ಹೊಟ್ಟೆಯನ್ನೇ ನೋಡಿಕೊಂಡಿತು. ಅಲ್ಲಿ ಬ್ಯಾಟರಿಯಿಂದ ಮೋಟರಿಗೆ ಹೋದ ವಾಯರೊಂದಿತ್ತು. ಉದ್ದ. ಅಪ್ಪಟ ಕೆಂಪು.

"ಬ್ಯಾಡೋ!" ಎಂದ ಫಕ್ಕೀರೇಶ.

ಕಲಿಸಿದ್ದನ್ನು ಮರೆಯುವ ಯಂತ್ರ ಅದಲ್ಲ. ತನ್ನ ವಾಯರನ್ನು ತಾನೇ ಹಿಡಿದು, ಷೆಡ್ಡಿನ ಹೊಸ್ತಿಲ ಬಳಿ ಕುಳವನ್ನು ಓರೆಯಾಗಿ ನೆಟ್ಟು, ಹೂಳತೊಡಗಿತು. ಎರಡೂ ತುದಿ ಬಿಗಿದಿದ್ದ ವಾಯರ್ ಕಳಚಲಿಲ್ಲ, ಅದು ಇಳಿದಷ್ಟೂ ಹೂಳಪ್ಪನೂ ಇಳಿಯಿತು. ಗಾಲಿ ಹೋಯಿತು, ಕೈ ಹೋಯಿತು, ಕೊನೆಗೆ ಅವಲಕ್ಕಿ ಡಬ್ಬಿಯೂ ಹೋಯಿತು. ಗುರ್ರೆನ್ನುವ ಸದ್ದು ನೆಲದಡಿ ಸರಿದು, ಷೆಡ್ಡಿನ ನಟ್ಟನಡುವೆ ಬಂದು ನಿಂತಿತು.

ಹೊತ್ತು ಮುಳುಗಿತು. ಕಸ್ತೂರಿ ಹೊಟ್ಟಿನ ಮೇಲೆ ಕುಸಿದು ಕುಳಿತು, ಕೈಗೆ ಸಿಕ್ಕಷ್ಟು ಮರಿಗಳನ್ನು ಮಡಿಲಿಗೆ ಎಳೆದುಕೊಂಡಳು. ನಾನೂರು ಮರಿಗೆ ಒಂದು ಮಡಿಲು ಎಲ್ಲಿ ಸಾಕು? ಒಂದು ಮರಿ ಜಾರಿ ಇಳಿದು ನಡುಮಧ್ಯಕ್ಕೆ ಓಡಿತು. ಇನ್ನೊಂದು ಹಿಂಬಾಲಿಸಿತು. ಮೂಲೆಯ ಗುಂಪು ಸಡಿಲಾಗಿ, ಒಂದೊಂದೇ ಎದ್ದು ಬಂದವು. ಅವಳು ಹೊಟ್ಟು ಸರಿಸಿ ನೆಲಕ್ಕೆ ಅಂಗೈ ಇಟ್ಟಳು. ಆಗಷ್ಟೇ ರೊಟ್ಟಿ ಇಳಿಸಿದ ಹಂಚಿನ ಪಕ್ಕದ ಕಟ್ಟೆಯ ಹಾಗೆ ಬೆಚ್ಚಗಿತ್ತು! ಮೇಲೇರಲಾರದೆ, ಕೆಳಗಿಳಿಯಲಾರದೆ, ಮೋಟರ್ ಅಲ್ಲೇ ತಿರುಗುತ್ತಿತ್ತು.

ಮರಿಗಳು ಷೆಡ್ಡಿನ ತುಂಬ ಬಿಡಿಬಿಡಿಯಾಗಿ ಹರಡಿ ಕಾಲು ಚಾಚಿ ಮಲಗಿದವು. ಕಾವು ಸರಿಯಾದ ಮರಿಗಳು ಮಾತ್ರ ಹಾಗೆ ಮಲಗುತ್ತವೆ. ಕಸ್ತೂರಿ ಕಂದೀಲು ಹಿಡಿದು ಎರಡು ಸಲ ಎಣಿಸಿದಳು. ನಾನೂರೂ ಇದ್ದವು. ಆಗ ಮಾತ್ರ ಅವಳ ಕಣ್ಣು ತುಂಬಿ ಬಂತು.

"ನನ್ನ ಯೋಜನಿ ಇದ್ದದ್ದ ಹಿಂಗ!" ಎಂದ ಫಕ್ಕೀರೇಶ, ಮೈಮೇಲಿನ ಮಣ್ಣು ಕೊಡವುತ್ತ.

"ಬ್ಯಾಟರಿ ಎಷ್ಟು ದಿವಸ ನಡೀತೈತ್ರಿ?"

"ಆರು ತಿಂಗಳು! ಎಂಥಾ ಬ್ಯಾಸಗಿ ಬರಲಿ, ಒಂದು ದಿನಾನೂ ನಿಲ್ಲಂಗಿಲ್ಲ!"

ಕಸ್ತೂರಿ ಮೂಗು ಒರೆಸಿಕೊಂಡು ಎದ್ದಳು.

"ಹಂಗಾರ ಮೂರು ವಾರಕ್ಕ ಮರಿಗೆ ಕಾವು ಸಾಕಾಗಿ ಫ್ಯಾನ್ ಬೇಕಾಗತೈತಿ" ಎಂದಳು. "ಅದರ ವಾಯರ್ ಮಾತ್ರ ಗುದ್ದಲಿ ತಗೊಂಡು ನಾನ ಹೂಳತೀನಿ."