ದೊಡ್ಡಿಗೆ ಬಿದ್ದ ಮೋಟಾರು

ಶ್ರೀರಂಗಪಟ್ಟಣದ ಮುನ್ಸೀಫ್ ಕೋರ್ಟಿನ ಮುಂದೆ, ಹುಣಸೆಮರದ ಕೆಳಗೆ ಕೂತು ಇಪ್ಪತ್ತು ವರ್ಷ ಅರ್ಜಿ ಬರೆದವನು ನಾನು. ನಗುವಂಥ ಸಂಗತಿ ಅಲ್ಲಿ ದಿನಾ ನಡೆಯುತ್ತಿತ್ತು. ನಗುತ್ತಿದ್ದವರು ಮಾತ್ರ ಕಕ್ಷಿಗಾರರಲ್ಲ. ಮೋಟಾರು ಕಾರು ಕಂಡರೆ ಜನ ಹೊಲ ಬಿಟ್ಟು ಓಡಿಬರುತ್ತಿದ್ದ ಕಾಲದಲ್ಲಿ, ಪಾಲಹಳ್ಳಿಯ ನೀರುಗಂಟಿಯೊಬ್ಬ ಹೂಡಿದ ದಾವೆ ಇದು.

೧. ಬೇಡಿಕೆ

ನಾಲೆ ಏರಿಯ ಮೇಲೆ ಓಡಾಡಿ ಗದ್ದೆಗಳಿಗೆ ನೀರು ಬಿಡುವುದು ಅವನ ಕೆಲಸ. ಒಬ್ಬ ಸಾಹುಕಾರರ ಕಾರು ಹಿಂದಿನಿಂದ ಗುದ್ದಿ ಅವನ ಬಲಗಾಲು ಮುರಿಯಿತು. ಕಾಲಿಲ್ಲದಿದ್ದರೆ ಕೆಲಸವೂ ಇಲ್ಲ. ಸಾಹುಕಾರರ ವಿರುದ್ಧ ನಿಲ್ಲಲು ಒಬ್ಬ ವಕೀಲರೂ ಒಪ್ಪಲಿಲ್ಲ. ಕೊನೆಗೆ ಹೆಂಡತಿ ಅವನನ್ನು ಗಾಡಿಯಲ್ಲಿ ಮಲಗಿಸಿಕೊಂಡು ನನ್ನ ಹತ್ತಿರ ಬಂದಳು.

“ಕೋರ್ಟಿನಿಂದ ಏನು ಬೇಕು ಅಂತ ಬರೀಲಯ್ಯ?” ಎಂದೆ.

“ಕಾಲು, ಅಯ್ನೋರೆ.”

“ಕೋರ್ಟು ಕಾಲು ಕೊಡಲ್ಲ. ಪರಿಹಾರ ಕೊಡುತ್ತೆ.”

ಅವನು ಮುರಿದ ಕಾಲಿಗೆ ಕಟ್ಟಿದ್ದ ಬಿದಿರು ದಬ್ಬೆಯನ್ನು ಮುಟ್ಟಿ ನೋಡಿಕೊಂಡ. “ಅಂಗಾರೆ ಸಾವ್ಕಾರ್ರ ಕಾಲ್ಗೂ ಮೂರು ತಿಂಗ್ಳು ದಬ್ಬೆ ಕಟ್ಸಿ ಅಂತ ಬರ್ಕಳಿ.”

ನಾನು ಪರಿಹಾರ ಅಂತಲೇ ಬರೆದು ಓದಿ ಹೇಳಿದೆ. ಹೆಬ್ಬೆಟ್ಟು ಒತ್ತುವ ಮುಂಚೆ ಅವನು ಮತ್ತೆ ಕೇಳಿದ: “ದಬ್ಬೆ ಇಸ್ಯ ಬರ್ಲೇ ಇಲ್ವಲ್ಲಾ?”

೨. ಮೂರು ಕೂಗು

ಕೋರ್ಟು ಇದ್ದದ್ದು ಮಹಡಿಯ ಮೇಲೆ, ಹದಿನೆಂಟು ಮೆಟ್ಟಿಲು. ಜವಾನ ಮೊದಲ ಸಲ ಹೆಸರು ಕೂಗಿದಾಗ ನೀರುಗಂಟಿ ಕೆಳಗಿನ ಮೆಟ್ಟಿಲ ಮೇಲೆ ಕೂತು, ಕೈ ಊರಿ ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಏರಲು ಶುರುಮಾಡಿದ್ದ. ಎರಡನೇ ಕೂಗಿಗೆ ಅರ್ಧ ದಾರಿ. “ಬತ್ತಾವ್ರೆ ಕಣಪ್ಪೋ, ವಸಿ ತಡ್ಕಳಿ!” ಎಂದು ಹೆಂಡತಿ ಕಿರುಚಿದಳು. ಮೂರನೇ ಕೂಗಿಗೆ ಇನ್ನೂ ನಾಲ್ಕು ಮೆಟ್ಟಿಲು ಉಳಿದಿದ್ದವು. ವಾದಿ ಗೈರುಹಾಜರು, ದಾವೆ ವಜಾ.

ನಾನು ಅಲ್ಲೇ ಕೂತು, ಕಾಲು ಮುರಿದಿರುವುದರಿಂದ ತಡವಾಯಿತು ಎಂದು ಇನ್ನೊಂದು ಅರ್ಜಿ ಬರೆದುಕೊಟ್ಟೆ. ಸಾಹುಕಾರರ ವಕೀಲರು ಎದ್ದು ನಿಂತು, “ಕಾಲು ಮುರಿದಿದೆ ಎಂಬುದೇ ಇನ್ನೂ ಸಾಬೀತಾಗಿಲ್ಲ, ಸ್ವಾಮಿ” ಎಂದರು.

ಮುನ್ಸೀಫರು ತಾವೇ ಎದ್ದು ಬಂದು ಮೆಟ್ಟಿಲ ಕಡೆ ಬಗ್ಗಿ ನೋಡಿ, ದಾವೆಯನ್ನು ಮತ್ತೆ ತೆಗೆದುಕೊಂಡರು.

೩. ದೊಡ್ಡಿ ಪುಸ್ತಕ

ವಿಚಾರಣೆಯ ಹೊತ್ತಿಗೆ ನೀರುಗಂಟಿಯ ಕೆಲಸ ಬೇರೆಯವನಿಗೆ ಹೋಗಿತ್ತು. ಉಳಿದಿದ್ದ ಆಸೆ ದಾವೆಯೊಂದೇ. ಸಾಹುಕಾರರು ಪ್ರಮಾಣ ಮಾಡಿ, “ಆ ದಿನ ನನ್ನ ಕಾರು ಮನೆ ಬಿಟ್ಟು ಹೊರಟೇ ಇಲ್ಲ” ಎಂದುಬಿಟ್ಟರು.

ಆಗ ನೀರುಗಂಟಿಯ ಕಡೆ ಸಾಕ್ಷಿಗೆ ಬಂದಿದ್ದ ಊರಿನ ಪಟೇಲ ಕಂಕುಳಿಂದ ಒಂದು ಪುಸ್ತಕ ತೆಗೆದ. ಪೈರು ಮೇಯ್ದ ದನಗಳನ್ನು ಕೂಡುವ ದೊಡ್ಡಿಯಲ್ಲಿ ಒಂದೊಂದು ದನದ ಬಣ್ಣ, ಮೈಮೇಲಿನ ಸುಳಿ, ಬಾಲ ಬರೆದಿಡುವ ಪುಸ್ತಕ ಅದು. ಆ ದಿನ ಕಾರು ನೀರುಗಂಟಿಗೆ ಗುದ್ದಿ ಗದ್ದೆಗೆ ಇಳಿದು ಹೂತುಕೊಂಡಿತ್ತು, ಅದರಲ್ಲಿದ್ದವರು ಓಡಿಹೋಗಿದ್ದರು. ಊರವರು ಎರಡು ಜೊತೆ ಎತ್ತು ಕಟ್ಟಿ ಅದನ್ನು ಎಳೆದು, ಪದ್ಧತಿ ಪ್ರಕಾರ ದೊಡ್ಡಿಗೆ ಕೂಡಿದ್ದರು. ಮುನ್ಸೀಫರು ಗಟ್ಟಿಯಾಗಿ ಓದಿದರು: “ಮೋಟಾರು ಒಂದು. ಬಣ್ಣ ಕರಿ. ಸುಳಿ ಇಲ್ಲ. ಬಾಲ ಇಲ್ಲ. ಹುಲ್ಲು ಹಾಕಿದೆ, ತಿನ್ನಲಿಲ್ಲ.” ಕೆಳಗೆ, ದಂಡ ಕಟ್ಟಿ ಬಿಡಿಸಿಕೊಂಡು ಹೋದ ಸಾಹುಕಾರರ ಡ್ರೈವರನ ರುಜು.

“ಹುಲ್ಲು ಯಾಕಯ್ಯ ಹಾಕಿದೆ?” ಎಂದು ಪಟೇಲನನ್ನು ಕೇಳಿದರು.

“ದೊಡ್ಡೀಲಿ ಉಪಾಸ ಕೆಡವೋಕಾಯ್ತದಾ ಬುದ್ದಿ? ನಮ್ಗೇ ಪಾಪ ಬತ್ತದೆ.”

ಕೋರ್ಟೆಲ್ಲ ನಕ್ಕಿತು. ಸಾಹುಕಾರರು ಸೋತರು, ಪರಿಹಾರದ ಡಿಕ್ರಿಯಾಯಿತು. ನೀರುಗಂಟಿ ಮಾತ್ರ ನಗಲಿಲ್ಲ. ಹೊರಗೆ ಬಂದು ಮೆಟ್ಟಿಲ ತುದಿಯಲ್ಲಿ ಕೂತು, ಕೆಳಗೆ ನಿಂತಿದ್ದ ಗಾಡಿಯನ್ನೇ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

“ಗೆದ್ದೆ ಅಂತೀರಿ. ಇಳಿಯೋಕೆ ಇನ್ನೊಂದ್ ಅರ್ಜಿ ಬರೀಬೇಕಾ, ಅಯ್ನೋರೆ?”