ವಾರ್ಡಿನಲ್ಲಿ ಒಬ್ಬ ಅಸಲಿ ರೋಗಿ

ರಾದ್ಧಾಂತಕ್ಕೆಲ್ಲ ಮೂಲ ತಿರುಗದ ಒಂದು ಫ್ಯಾನು.

ಠಾಣಾ ಊರಿನ ವಾಗ್ಳೆ ಎಸ್ಟೇಟಿನ ಒಂದು ಟ್ರಸ್ಟ್ ಆಸ್ಪತ್ರೆಯ ನಾಲ್ಕನೇ ಮಾಳಿಗೆಯಲ್ಲಿ, ನಿವೃತ್ತ ಸುಬೇದಾರ್ ಜಟ್ಟೆಪ್ಪನವರ ಹಾಸಿಗೆಯ ಮೇಲೆ ಅದು ಸುಮ್ಮನೆ ನೇತಾಡುತ್ತಿತ್ತು. ಸುಬೇದಾರರು ನರ್ಸಿಗೆ ಹೇಳಿದರು, ವಾರ್ಡ್‌ಬಾಯ್‌ಗೆ ಹೇಳಿದರು. ಯಾರೂ ಕಿವಿಗೆ ಹಾಕಿಕೊಳ್ಳದಿದ್ದಾಗ, ಒಂದು ದಿನ ವಾರ್ಡು ನೋಡಲು ಬಂದ ಟ್ರಸ್ಟಿಯ ಮುಂದೆ ಊದಿದ ಕಾಲುಗಳನ್ನು ಜೋಡಿಸಿ ಸೆಟೆದು ನಿಂತು, "ಸಾಬ್, ಸಿಯಾಚಿನ್ ಮೇ ಪಂಖಾ ನಹೀ ಮಾಂಗಾ, ಠಾಣಾ ಮೇ ಮಾಂಗ್ ರಹಾ ಹೂಂ!" ಎಂದು, ಸಿಯಾಚಿನ್ನಿನಲ್ಲೂ ಕೇಳದ ಫ್ಯಾನನ್ನು ಇಲ್ಲಿ ಕೇಳಬೇಕಾಯಿತಲ್ಲ ಎಂಬ ಸಿಟ್ಟಿನಲ್ಲಿ, ಇಡೀ ಮಾಳಿಗೆಗೆ ಕೇಳುವಂತೆ ಗರ್ಜಿಸಿದರು. ಟ್ರಸ್ಟಿ ನಕ್ಕರು. ಜೊತೆಗಿದ್ದ ಆಡಳಿತಾಧಿಕಾರಿ ಹೃಷೀಕೇಶ ನಗಲಿಲ್ಲ. ಮುಂದಿನ ವಾರವೇ ಇನ್ಸ್‌ಪೆಕ್ಷನ್ ಇತ್ತು. ಅದು ಅವನ ನೆನಪಿಗೆ ಬಂತು.

ಇನ್ಸ್‌ಪೆಕ್ಷನ್ ಎಂದರೆ ಆ ಆಸ್ಪತ್ರೆಯಲ್ಲಿ ತಜ್ಞರಾಗಲು ಕಲಿಯುತ್ತಿದ್ದ ಎಳೆಯ ಡಾಕ್ಟರುಗಳ ಹಣೆಬರಹ. ತರಬೇತಿಗೆ ಮಾನ್ಯತೆ ಕೊಡುವ ಮಂಡಳಿಯವರು ಬಂದು, ರೋಗಿಗಳಿದ್ದಾರೆಯೇ, ಕಲಿಸುವವರು ಕಲಿಸುತ್ತಿದ್ದಾರೆಯೇ ಎಂದು ನೋಡಿ ಹೋಗುತ್ತಾರೆ. ಅವರು ಅಡ್ಡಡ್ಡ ತಲೆ ಅಲ್ಲಾಡಿಸಿದರೆ ಮಕ್ಕಳ ಕಲಿಕೆಯೆಲ್ಲ ನೀರುಪಾಲು. ಈ ತರಬೇತಿಯ ಡೈರೆಕ್ಟರ್ ಕಟಪಾಡಿಯ ಕಡೆಯ ಡಾಕ್ಟರ್ ಮೋಹನದಾಸರು. ನಿವೃತ್ತ ಸೈನಿಕರಿಗೆ ಮದ್ದು ಮಾಡುವವರೂ ಅವರೇ. ಒಂದು ಕೆಲಸದಲ್ಲಿ ಎಳೆಯರು ಬೇಡದ್ದನ್ನೆಲ್ಲ ಮಾತಾಡುತ್ತಿದ್ದರು, ಇನ್ನೊಂದರಲ್ಲಿ ಮುದುಕರು ಬೇಕಾದ್ದನ್ನು ಹೇಳುತ್ತಿರಲಿಲ್ಲ. ಎದೆ ಒಡೆಯುವಷ್ಟು ಉಬ್ಬಸವಿದ್ದರೂ ಸೈನಿಕರ ಉತ್ತರ ಒಂದೇ: "ಠೀಕ್ ಸಾಬ್." ಆ 'ಠೀಕ್' ಒಳಗಿಂದ ರೋಗವನ್ನು ಹೆಕ್ಕಿ ತೆಗೆಯಲು ಕಲಿತವನು ಎಲ್ಲಿ ಹೋದರೂ ಡಾಕ್ಟರಾಗುತ್ತಾನೆ ಎಂಬುದು ಮೋಹನದಾಸರ ನಂಬಿಕೆ. ಹಾಗಾಗಿ ಎಳೆಯರನ್ನು ದಿನಾ ಮುದುಕರ ಹಾಸಿಗೆಗಳ ಬಳಿಯೇ ನಿಲ್ಲಿಸಿ, ಬೈದು ಬೈದು ಕಲಿಸುತ್ತಿದ್ದರು.

ಇನ್ಸ್‌ಪೆಕ್ಷನ್ನಿನ ಬೆಳಿಗ್ಗೆ ವರ್ತಕ ನಗರದ ಮನೆಯಿಂದ ಹೊರಡುವಾಗ ಹೆಂಡತಿ ಜಯಲತಾ ಬಾಗಿಲಲ್ಲೇ ತಡೆದಳು.

"ಇವತ್ತೊಂದು ದಿನ ಸಿಟ್ಟು ಮನೆಯಲ್ಲೇ ಬಿಟ್ಟು ಹೋಗಿ, ಆಯ್ತಾ?"

"ನನಗೆಂಥ ಸಿಟ್ಟು? ನಾನು ಎಷ್ಟು ತಣ್ಣಗೆ ಇದ್ದೇನೆ!" ಎಂದು ಮೋಹನದಾಸರು ಕಿರುಚಿದ ರಭಸಕ್ಕೆ ಎದುರುಮನೆಯ ಬಾಗಿಲು ತೆರೆಯಿತು. ಅಲ್ಲಿಂದ ಇಣುಕಿದ ನೆರೆಯವರು, ಹೇಗೂ ಡಾಕ್ಟರು ಸಿಕ್ಕರಲ್ಲ ಎಂದು ತಮ್ಮ ಹೊಟ್ಟೆಯ ಗ್ಯಾಸಿನ ಚರಿತ್ರೆಯನ್ನು ಕೆಳಗಿನ ಗೇಟಿನವರೆಗೂ ಹೇಳಿಕೊಂಡು ಬಂದರು.

ಆಸ್ಪತ್ರೆಯಲ್ಲಿ ಲಿಫ್ಟಿನ ಬಾಗಿಲಿಗೆ ಚೆಂಡುಹೂವಿನ ಮಾಲೆ ಹಾಕಿತ್ತು. ಲಿಫ್ಟ್‌ಮನ್ ಕೈ ಅಡ್ಡ ಹಿಡಿದ. "ಸಾಬ್, ಆಜ್ ಸಿರ್ಫ್ ಇನ್ಸ್‌ಪೆಕ್ಟರ್ ಸಾಬ್ ಕೇ ಲಿಯೇ." ಮೋಹನದಾಸರು ಮೆಟ್ಟಿಲು ಹತ್ತಿದರು. ವಾರ್ಡಿಗೆ ಮುಟ್ಟುವಷ್ಟರಲ್ಲಿ ಕುಕ್ಕರಿನಂತೆ ಉಸಿರು ಬಿಡುತ್ತಿದ್ದರು. ಒಳಗೆ ನೋಡಿದರೆ ಅವರ ಸೈನಿಕರಲ್ಲಿ ಒಬ್ಬನೂ ಇರಲಿಲ್ಲ.

ಹಾಸಿಗೆಗಳೇನೋ ತುಂಬಿದ್ದವು. ಗಟ್ಟಿಮುಟ್ಟಾದ ಗಂಡಸರು ಕತ್ತಿನವರೆಗೆ ಬಿಳಿ ಹೊದಿಕೆ ಎಳೆದುಕೊಂಡು, ಬೆಳಗಿನ ಡೊಂಬಿವಲಿ ಲೋಕಲ್ ರೈಲಿನಲ್ಲಿ ಸೀಟು ಸಿಕ್ಕವರ ಹಾಗೆ ಸುಖವಾಗಿ ಮಲಗಿದ್ದರು. ಒಬ್ಬನ ತಲೆದಿಂಬಿನ ಕೆಳಗಿಂದ ಉದ್ದಿನವಡೆ ಇಣುಕುತ್ತಿತ್ತು. ಸುಬೇದಾರರ ಹಾಸಿಗೆಯಲ್ಲಿದ್ದವನ ಬಾಯಿ ಎಡಕ್ಕೆ ವಾಲಿತ್ತು. ಹಾಸಿಗೆಯ ಕಾಲಿಗೆ ಕಟ್ಟಿದ ಚೀಟಿಯಲ್ಲಿ 'ಲೋಕನಾಥ, ಲಕ್ವ' ಎಂದಿತ್ತು. ಮುಖವನ್ನು ಮಾತ್ರ ಮೋಹನದಾಸರು ದಿನಾ ಕಂಡದ್ದೇ.

"ಬೂಬ! ನೀನು ಇಲ್ಲಿ ಎಂಥ ಮಾಡುದು ಮಾರಾಯ?"

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ವೇಟರಾಗಿದ್ದ ಬೂಬ ವಾಲಿದ ಬಾಯನ್ನು ಕ್ಷಣಕಾಲ ನೇರ ಮಾಡಿದ. "ಕಿಟ್ಟಣ್ಣ ಮಲಗು ಅಂದ್ರು ಡಾಕ್ಟ್ರೇ. ನನಗೆ ಲಕ್ವ ಅಂತೆ. ಈ ಕೈ ಎತ್ತಬಾರ್ದು ಅಂತೆ." ಹಾಗೆನ್ನುತ್ತ ಅದೇ ಕೈ ಎತ್ತಿ ತೋರಿಸಿದ.

ಕ್ಯಾಂಟೀನ್ ಮಾಲೀಕ ಕಿಟ್ಟಣ್ಣ ಬಾಗಿಲ ಮರೆಯಲ್ಲಿ ಬೆವರುತ್ತಿದ್ದ. "ನಾನೆಂಥ ಮಾಡುದು ಡಾಕ್ಟ್ರೇ? ಹೃಷೀಕೇಶ್ ಸಾಹೇಬ್ರು ಜನ ಕಳಿಸು ಅಂದ್ರು. ಇಲ್ಲಾಂದ್ರೆ ಕ್ಯಾಂಟೀನ್ ಬೇರೆಯವರಿಗೆ ಅಂದ್ರು. ಈಗ ಅಲ್ಲಿ ದೋಸೆ ಹೊಯ್ಯಲಿಕ್ಕೂ ಜನ ಇಲ್ಲ."

ಮೋಹನದಾಸರು ಆಡಳಿತಾಧಿಕಾರಿಯ ಕೋಣೆಯ ಬಾಗಿಲನ್ನು ತಟ್ಟಲಿಲ್ಲ, ನೂಕಿದರು. ಕಲ್ಯಾಣದಲ್ಲಿ ಹುಟ್ಟಿ ಬೆಳೆದ ಹೃಷೀಕೇಶ ಕನ್ನಡಿಯ ಮುಂದೆ ಟೈ ಸರಿಮಾಡಿಕೊಳ್ಳುತ್ತಿದ್ದ.

"ನನ್ನ ಸೈನಿಕರು ಎಲ್ಲಿ?"

"ಬೇಸ್‌ಮೆಂಟಲ್ಲಿದಾರೆ ಸರ್. ಒಂದೇ ದಿನ. ಟೆನ್ಶನ್ ಬೇಡ."

"ಹಾರ್ಟ್ ಸೋತವರನ್ನು ಗೋಡೌನಿಗೆ ಹಾಕಿದ್ದಾ ನೀವು?"

"ಅವರು ಇನ್ಸ್‌ಪೆಕ್ಟರ್ ಮುಂದೆ ಫ್ಯಾನ್ ಬಗ್ಗೆ ಭಾಷಣ ಮಾಡ್ತಾರೆ ಸರ್. ಇವರು ಮಾತಾಡಲ್ಲ." ಹೃಷೀಕೇಶ ಟೈ ಬಿಟ್ಟು ತಿರುಗಿದ. ಅವನ ದನಿಯಲ್ಲಿ ಸಕ್ಕರೆ ಕಡಿಮೆಯಾಯಿತು. "ನೀವು ಹೋಗಿ ಎಲ್ಲ ಹೇಳಬಹುದು. ಹೇಳಿ. ಮಾನ್ಯತೆ ಹೋಗುತ್ತೆ. ಅಶ್ಮಿತಾ ಮತ್ತೆ ಉಳಿದ ಮಕ್ಕಳು ಮನೆಗೆ ಹೋಗ್ತಾರೆ. ಆಮೇಲೆ ರಾತ್ರಿಯೆಲ್ಲ ನಿಮ್ಮ ಫೌಜಿಗಳ ಹತ್ತಿರ ಯಾರು ಕೂತ್ಕೋತಾರೆ? ನಾನಾ?"

ಅಶ್ಮಿತಾ ಮೋಹನದಾಸರ ಕೈಕೆಳಗೆ ಕಲಿಯುತ್ತಿದ್ದ ಡೊಂಬಿವಲಿಯ ಹುಡುಗಿ. ನಿತ್ಯ ಲೋಕಲ್ಲಿನಲ್ಲಿ ಜೋತುಬಿದ್ದು ಬರುತ್ತಿದ್ದಳು. ಅವರ ಬೈಗುಳವನ್ನು ಎಲ್ಲರಿಗಿಂತ ಹೆಚ್ಚು ತಿಂದವಳು, ಎಲ್ಲರಿಗಿಂತ ಹೆಚ್ಚು ಕಲಿತವಳು. ಈ ಹೃಷೀಕೇಶ ಅವಳ ಹೆಸರನ್ನು ಗುರಾಣಿಯಂತೆ ಎದುರಿಗೆ ಹಿಡಿದು ನಿಂತಿದ್ದ. ಬೈಯಲು ಬಾರದ ಸಿಟ್ಟು ಬೈಯುವ ಸಿಟ್ಟಿಗಿಂತ ಕೆಟ್ಟದ್ದೆಂದು ಅವರಿಗೆ ಆವತ್ತು ತಿಳಿಯಿತು.

ಅವರು ಬೇಸ್‌ಮೆಂಟಿಗೆ ಇಳಿದರು. ಹಳೆ ಮಂಚ, ಮುರಿದ ಸ್ಟ್ರೆಚರುಗಳ ನಡುವೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸೈನಿಕರು ಕೂತಿದ್ದರು. ಸುಬೇದಾರರ ತುಟಿ ನೀಲಿಗೆ ತಿರುಗಿತ್ತು.

"ಹೇಗುಂಟು ಸುಬೇದಾರ್ರೆ?"

"ಠೀಕ್ ಐತ್ರಿ ಸಾಹೇಬ್ರ." ನಡುವೆ ಎರಡು ಸಲ ಉಸಿರೆಳೆದುಕೊಂಡರು. "ಬಂಕರಿನ್ಯಾಗ ಇದಕ್ಕಿಂತ ಇಕ್ಕಟ್ಟಿತ್ರಿ. ಆದ್ರ ಅಲ್ಲಿ ನಮ್ಮನ್ನ ಅಡಗಿಸಿದ್ದು ವೈರಿಯಿಂದ. ಇಲ್ಲಿ ಯಾರಿಂದ ಅಡಗಿಸ್ಯಾರ್ರಿ?"

ಅಷ್ಟು ಸಾಕಾಯಿತು. ಆಕ್ಸಿಜನ್ ತರಿಸಿ, ಸುಬೇದಾರರಿಗೆ ತಾವೇ ಇಂಜೆಕ್ಷನ್ ಕೊಟ್ಟು, ತುಟಿಯ ಬಣ್ಣ ತಿಳಿಯಾಗುವವರೆಗೆ ಕಾದು, ಮೋಹನದಾಸರು ಮತ್ತೆ ಮೆಟ್ಟಿಲಿಗೆ ನುಗ್ಗಿದರು. ಹೇಳಿಯೇ ತೀರುವುದು, ಆದದ್ದಾಗಲಿ! ಮಾಳಿಗೆಯಿಂದ ಮಾಳಿಗೆಗೆ ಅವರ ಭಾಷಣ ಬೆಳೆಯುತ್ತ ಹೋಯಿತು. ಮೇಲೆ ಮುಟ್ಟುವಾಗ ಭಾಷಣ ಸಿದ್ಧವಾಗಿತ್ತು, ಉಸಿರು ಮಾತ್ರ ಇರಲಿಲ್ಲ.

ಇನ್ಸ್‌ಪೆಕ್ಟರ್ ಡಾಕ್ಟರ್ ರಘುಪತಿ, ಮೈಸೂರು ಕಡೆಯ ನಿಧಾನದ ಮನುಷ್ಯ, ಆಗಲೇ ಬೂಬನ ಹಾಸಿಗೆಯ ಬಳಿ ನಿಂತಿದ್ದರು. ಪಕ್ಕದಲ್ಲಿ ಹೃಷೀಕೇಶ. ಅಶ್ಮಿತಾ ತಲೆ ತಗ್ಗಿಸಿ, ಇಲ್ಲದ ಲಕ್ವದ ಬಗ್ಗೆ ಏನು ಹೇಳುವುದೆಂದು ತಿಳಿಯದೆ ಸ್ಟೆತಾಸ್ಕೋಪಿನ ನಳಿಗೆ ತಿರುಚುತ್ತಿದ್ದಳು.

"ನಿಲ್ಲಿಸಿ!" ಮೋಹನದಾಸರು ಬಾಗಿಲಲ್ಲಿ ಆರ್ಭಟಿಸಿದರು. "ಇದೆಲ್ಲ ಸುಳ್ಳು! ಇಲ್ಲಿ ಒಬ್ಬನಿಗೂ ಎಂಥ ರೋಗವೂ..."

ವಾಕ್ಯ ಮುಗಿಯಲಿಲ್ಲ. ಎದೆಯೊಳಗೆ ಯಾರೋ ಲಯತಪ್ಪಿ ಚೆಂಡೆ ಬಾರಿಸಿದಂತಾಯಿತು. ಗೋಡೆ ವಾಲಿತು. ಪಕ್ಕದ ಹಾಸಿಗೆಯಲ್ಲಿ 'ಬೆನ್ನುಮೂಳೆಯ ತೀವ್ರ ನೋವಿನಿಂದ' ನರಳುತ್ತಿದ್ದವನು ಚಂಗನೆ ಜಿಗಿದು, ಡಾಕ್ಟರನ್ನು ಹಿಟ್ಟಿನ ಮೂಟೆಯಂತೆ ಎತ್ತಿ ತನ್ನ ಹಾಸಿಗೆಯಲ್ಲಿ ಮಲಗಿಸಿ, ಮತ್ತೆ ನರಳಲು ಜಾಗವಿಲ್ಲದೆ ಹೊರಗೆ ಓಡಿದ.

ಅಶ್ಮಿತಾ ಎಲ್ಲರನ್ನೂ ಸರಿಸಿ ಮುಂದೆ ಬಂದಳು. ಹಾರ್ಟ್ ಮಷಿನ್ ತರಲು ಓಡಿದವನಿಗೆ ಕಾಯದೆ ಅವರ ಮಣಿಕಟ್ಟು ಹಿಡಿದಳು. ಕಣ್ಣು ಮುಚ್ಚಿ ಎಣಿಸಿದಳು. ಕತ್ತಿನ ನರ ನೋಡಿದಳು, ಎದೆಗೆ ಕಿವಿಗೊಟ್ಟಳು, ಬೀಪಿ ಅಳೆದಳು.

"ಏನಮ್ಮ?" ರಘುಪತಿ ಕೇಳಿದರು.

"ಸರ್, ಪಲ್ಸ್ ಪೂರಾ ಇರ್ರೆಗ್ಯುಲರ್ ಹೈ. ಹೃದಯದ ಮೇಲಿನ ಕೋಣೆ ಹಿಡಿತ ತಪ್ಪಿದೆ. ಬೀಪಿ ಭೀ ಜಾಸ್ತಿ ಹೈ." ಎಷ್ಟು ಜಾಗ್ರತೆಯಿಂದ ಮದ್ದು ಶುರುಮಾಡಬೇಕು, ಏನು ಕೊಡಬಾರದು ಎಂಬುದನ್ನೆಲ್ಲ ತಡವರಿಸದೆ ಹೇಳಿದಳು. ಆಗ ಬಂದ ಮಷಿನ್ ಅದನ್ನೇ ಗೀಚಿ ತೋರಿಸಿತು. ರಘುಪತಿಯವರ ಹುಬ್ಬು ಮೇಲೇರಿತು.

ಔಷಧಿ ಒಳಗೆ ಹೋಗುತ್ತಲೇ ಮೋಹನದಾಸರಿಗೆ ಮಾತು ಮರಳಿತು. "ಮಾನ್ಯತೆ ಕೊಡಬೇಡಿ! ಇವರೆಲ್ಲ ವೇಷ!"

"ಪೇಷಂಟ್ ಸ್ವಲ್ಪ ಕನ್ಫ್ಯೂಸ್ ಆಗಿದಾರೆ ಸರ್," ಎಂದು ಹೃಷೀಕೇಶ ಕರುಣೆಯಿಂದ ಹೇಳಿದ.

"ನೋಡೋಣ." ರಘುಪತಿ ಸ್ಟೂಲು ಎಳೆದುಕೊಂಡರು. "ಇದು ಯಾವ ಜಾಗ ಸ್ವಾಮಿ?"

"ನಾಟಕ ಕಂಪೆನಿ!"

"ಬರ್ಕೊಳಮ್ಮ. ಸ್ಥಳದ ಅರಿವಿಲ್ಲ. ಈಗ ಹೊತ್ತೆಷ್ಟು?"

"ಮಧ್ಯಾಹ್ನ ಆಯ್ತಲ್ಲ!"

ಎಲ್ಲರೂ ಗೋಡೆಯ ಗಡಿಯಾರ ನೋಡಿದರು. ಯಾವ ಕಾಲದಲ್ಲೋ ಸತ್ತಿದ್ದ ಅದು ಎಂಟು ಗಂಟೆ ಎನ್ನುತ್ತಿತ್ತು.

"ಕಾಲದ ಅರಿವೂ ಇಲ್ಲ. ಪಕ್ಕದಲ್ಲಿರೋರು ಯಾರು?"

"ಬೂಬ! ಕಿಟ್ಟಣ್ಣನ ಕ್ಯಾಂಟೀನಿನ ವೇಟರ್!"

ರಘುಪತಿ ಬಗ್ಗಿ ಚೀಟಿ ಓದಿದರು. ಲೋಕನಾಥ, ಲಕ್ವ. ಬೂಬ ದೀನವಾಗಿ ನೋಡಿದ. ಗಾಬರಿಯಲ್ಲಿ, ಬೆಳಿಗ್ಗೆ ಎಡಕ್ಕಿದ್ದ ಲಕ್ವ ಈಗ ಬಲಕ್ಕೆ ಬಂದಿತ್ತು. "ವ್ಯಕ್ತಿಗಳ ಅರಿವೂ ಹೋಗಿದೆ, ಪಾಪ," ಎಂದರು ರಘುಪತಿ.

ಅಷ್ಟರಲ್ಲಿ ಮಾಲೆ ಹಾಕಿದ ಲಿಫ್ಟಿನ ಬಾಗಿಲು ದಡಾರನೆ ತೆರೆಯಿತು. ಡಾಕ್ಟರು ಬಿದ್ದ ಸುದ್ದಿ ಬೇಸ್‌ಮೆಂಟಿಗೆ ಮುಟ್ಟಿತ್ತು. ಸುಬೇದಾರರು ಕೊಟ್ಟ ಒಂದೇ ಹುಕುಮಿಗೆ ಲಿಫ್ಟ್‌ಮನ್ ಸೆಲ್ಯೂಟ್ ಹೊಡೆದಿದ್ದ. ವೀಲ್‌ಚೇರಿನಲ್ಲಿ, ಆಕ್ಸಿಜನ್ ಸಿಲಿಂಡರನ್ನು ರೈಫಲಿನಂತೆ ಹಿಡಿದುಕೊಂಡು ಅವರು ಒಳಗೆ ಬಂದರು. ಹೃಷೀಕೇಶನ ಮುಖ ಬೂಬನಿಗಿಂತ ಹೆಚ್ಚು ವಾಲಿತು.

"ಹೇಳಿ ಸುಬೇದಾರ್ರೆ!" ಮೋಹನದಾಸರು ಏಳಲು ಹೊರಟರು. "ಇದು ಯಾರ ಹಾಸಿಗೆ? ಇವನು ಯಾರು? ನೀವೇ ಹೇಳಿ!"

ಸುಬೇದಾರರು ಬೂಬನನ್ನು ನೋಡಿದರು, ಡಾಕ್ಟರನ್ನು ನೋಡಿದರು. ಡಾಕ್ಟರ ಮಣಿಕಟ್ಟನ್ನು ಇನ್ನೂ ಬಿಡದೆ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತ ಅಶ್ಮಿತಾಳನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದರು.

"ಇಂವಾ ಲೋಕನಾಥ್ರಿ," ಎಂದರು. "ಭಾಳ ದಿನದಿಂದ ಲಕ್ವ ಐತಿ. ಈ ಹುಡುಗೀನ ನೋಡ್ಕೊಳ್ಳಾಕತ್ತಾಳ. ನಮ್ಮನ್ನೂ ಅಕೀನ ನೋಡ್ತಾಳ. ಭಾಳ ಛಲೋ ನೋಡ್ತಾಳ."

ಮೋಹನದಾಸರು ದಿಂಬಿಗೆ ಒರಗಿದರು. ಯಾರೂ ಅವರನ್ನು ಹಿಡಿದು ಮಲಗಿಸಬೇಕಾಗಲಿಲ್ಲ.

ಹೊತ್ತು ಇಳಿಯುವಾಗ ಬೂಬ ಮತ್ತು ಸಂಗಡಿಗರು ರೋಗ ಬಿಟ್ಟು ದೋಸೆ ಹೊಯ್ಯಲು ಹೋದರು. ಸೈನಿಕರು ತಮ್ಮ ತಮ್ಮ ಹಾಸಿಗೆಗೆ ಮರಳಿದರು. ಹೃಷೀಕೇಶ ಸಿಹಿ ಹಂಚುತ್ತ ಬಂದು, ಮಾನ್ಯತೆ ಸಿಗುವುದು ಖಾತ್ರಿ, ಸೀಟು ಹೆಚ್ಚಿಸಲೂ ಶಿಫಾರಸಾಗಿದೆ ಎಂದು ಸಾರಿದ. ಮೋಹನದಾಸರು ಪಕ್ಕದ ಹಾಸಿಗೆಯತ್ತ ಮುಖ ತಿರುಗಿಸಿದರು.

"ನೀವೂ ಸುಳ್ಳು ಹೇಳಿದ್ರಲ್ಲ?"

"ಹೌದ್ರಿ," ಎಂದರು ಸುಬೇದಾರರು. "ನೀವ್ ಖರೇ ಹೇಳಿದ್ರಿ, ತಲಿ ಕೆಟ್ಟೈತಿ ಅಂದ್ರು. ನಾನೂ ಹೇಳಿದ್ದರ ಇಬ್ಬರಿಗೂ ಕೆಟ್ಟೈತಿ ಅಂತಿದ್ರು. ನಂಬಿದ್ರ ಹುಡುಗಿ ಬಾಳೇ ಅಷ್ಟ ಹಾಳಾಗ್ತಿತ್ತು." ಅವರು ಗೋಡೆಯ ಕಡೆ ತಿರುಗಿದರು. "ನನಗ ಛಲೋ ಅನ್ನಿಸಿಲ್ರಿ ಸಾಹೇಬ್ರ. ಕೇಳಬ್ಯಾಡ್ರಿ."

ಊರಿಗೆ ಹೊರಟ ರಘುಪತಿ ಒಬ್ಬರೇ ವಾರ್ಡಿಗೆ ಬಂದು ಸ್ಟೂಲಿನಲ್ಲಿ ಕೂತರು.

"ಹೇಗಿದೀರಿ ಸ್ವಾಮಿ?"

"ಅವನು ಬೂಬನೇ," ಎಂದರು ಮೋಹನದಾಸರು ಹಲ್ಲು ಕಚ್ಚಿ.

"ಗೊತ್ತು. ಬೆಳಿಗ್ಗೆ ಗೆಸ್ಟ್ ಹೌಸಿಗೆ ನನಗೆ ನೀರುದೋಸೆ ತಂದುಕೊಟ್ಟೋನೇ ಅವನು. ನನ್ನ ಪ್ಯಾಂಟ್ ಮೇಲೆ ಚಟ್ನಿ ಬೇರೆ ಚೆಲ್ಲಿದ."

ಮೋಹನದಾಸರು ಮೊಣಕೈ ಊರಿ ಎದ್ದು ಕೂತರು. "ಗೊತ್ತಿದ್ದೂ ನನಗೆ ಅರಿವಿಲ್ಲ ಅಂತ ಬರೆಸಿದ್ದಾ?"

"ನಿಮಗೆ ಅರಿವಿದೆ ಅಂತ ಬರೆಸಿದ್ರೆ ಮಿಕ್ಕಿದ್ದೂ ಬರೀಬೇಕಾಗ್ತಿತ್ತಲ್ಲ. ಆ ಮಗು ಚೆನ್ನಾಗಿ ಕಲ್ತಿದೆ. ನಿಜವಾದ ರೋಗಿ ಅಂತ ಒಬ್ಬರಾದ್ರೂ ಸಿಕ್ಕಿದ್ರಿ. ಎಷ್ಟೋ ಕಡೆ ಅಷ್ಟೂ ಇರಲ್ಲ."

"ನಾಚಿಕೆ ಆಗುದಿಲ್ವಾ ನಿಮಗೆ?"

"ಆಗುತ್ತೆ." ರಘುಪತಿ ಎದ್ದು ಬ್ಯಾಗು ಹೆಗಲಿಗೇರಿಸಿದರು. "ಅದಕ್ಕೇ ಈ ಕೆಲಸ ಬಿಡ್ತಿದೀನಿ. ನಿಮ್ಮಂಥ ನಿಷ್ಠುರದೋರು ಬೇಕು ಅಂತ ನನ್ನ ಜಾಗಕ್ಕೆ ನಿಮ್ಮ ಹೆಸರು ಹೇಳಿದೆ. ಮಂಡಳಿಯೋರು ಈಗ ಫೋನಲ್ಲಿ ಒಪ್ಪಿದ್ರು. ನಿಮ್ಮ ಮೊದಲನೇ ಇನ್ಸ್‌ಪೆಕ್ಷನ್ ಊರಲ್ಲಿ ನಾನು ಕಲಿಸೋ ನಮ್ಮ ಆಸ್ಪತ್ರೇನೇ, ಬರೋ ತಿಂಗಳು. ನನ್ನ ಹತ್ರಾನೂ ಇಂಥ ಮಕ್ಕಳು ಹನ್ನೆರಡು ಜನ ಇದಾರೆ ಸ್ವಾಮಿ."

ಬಾಗಿಲವರೆಗೆ ಹೋದವರು ತಿರುಗಿ ನಿಂತರು.

"ನಮ್ಮ ಗೆಸ್ಟ್ ಹೌಸಲ್ಲೂ ತಿಂಡಿ ತುಂಬ ಚೆನ್ನಾಗಿರುತ್ತೆ. ತಂದುಕೊಡೋರ ಮುಖ ಮಾತ್ರ ನೋಡೋಕೆ ಹೋಗ್ಬೇಡಿ."